ಕೋಟೆಯೊಳಗಿನ ಅರವತ್ತು ನಿಮಿಷ: ಜಪಾನಿನ ‘ಪಾರಾಗುವ ಆಟ’ ಮತ್ತು ಗುಂಪಿನ ಓದು

ಜಪಾನಿನ ದೊಡ್ಡ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ 2013ರಲ್ಲಿ ಒಂದು ವಿಚಿತ್ರ ಆಟ ನಡೆಯಿತು. ಚೆಂಡು ದಾಂಡುಗಳಿಲ್ಲದ ಆಟ ಅದು. ಹಣ ಕೊಟ್ಟು ಟಿಕೇಟು ಪಡೆದು ಬಂದ ಸಾವಿರಾರು ಜನರು ಪ್ರೇಕ್ಷಕರ ಆಸನಗಳಲ್ಲಿ ಕೂತು ನೋಡಲು ಬಂದವರಲ್ಲ; ಆಟಗಾರರು ಅವರೇ ಆಗಿದ್ದರು. ಅವರ ಕೈಯಲ್ಲಿದ್ದ ಆಯುಧವೆಂದರೆ ಕಾಗದ, ಪೆನ್ಸಿಲ್ಲು ಮತ್ತು ಓದಲು ಬಲ್ಲ ಕಣ್ಣು. ‘ಒಂದು ಕೋಟೆನಗರದಿಂದ ಪಾರಾಗುವುದು’ ಎಂಬ ಅರ್ಥದ ಹೆಸರು ಹೊತ್ತ ಈ ಆಟ ‘ಶಿಂಗೆಕಿ ನೊ ಕ್ಯೋಜಿನ್’ ಎಂಬ ಜನಪ್ರಿಯ ಅನಿಮೆಯ ಕಥಾಲೋಕವನ್ನು ಆಧರಿಸಿತ್ತು. ಇಂಗ್ಲಿಷ್ ಬಲ್ಲವರಿಗೆ ಈ ಕಥೆ ‘ಅಟ್ಯಾಕ್ ಆನ್ ಟೈಟನ್’ ಎಂಬ ಹೆಸರಿನಿಂದ ಪರಿಚಿತ.

ಭಾಷಾ ಶಿಕ್ಷಕರ ಕೈಪಿಡಿಯಲ್ಲಿ ಇಂತಹ ಆಟಕ್ಕೇನು ಕೆಲಸ ಎಂಬ ಪ್ರಶ್ನೆ ಸಹಜ. ಒಂದು ಗಂಟೆಯ ಕಾಲ ಸಾವಿರಾರು ಜನ, ಅವರಲ್ಲಿ ಹೆಚ್ಚಿನವರು ಯುವಕ ಯುವತಿಯರು, ಯಾರೂ ಒತ್ತಾಯಿಸದೆ ಒಂದು ಪಠ್ಯವನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ. ಓದಿದ್ದನ್ನು ಪಕ್ಕದವರಿಗೆ ವಿವರಿಸುತ್ತಾರೆ. ತಪ್ಪು ಓದಿದ್ದರೆ ಮತ್ತೆ ಓದುತ್ತಾರೆ. ಕನ್ನಡ ಪಾಠದ ನಲವತ್ತು ನಿಮಿಷಗಳಲ್ಲಿ ಇದರ ಕಾಲು ಭಾಗ ನಡೆದರೂ ಸಾಕೆಂದು ಬಯಸುವ ಶಿಕ್ಷಕರು ಗಡಿಯ ಈಚೆಗೂ ಆಚೆಗೂ ಬಹಳ ಮಂದಿ ಇದ್ದಾರೆ. ಹಾಗಾಗಿ ಆಟದ ಒಳಗನ್ನು ಸ್ವಲ್ಪ ಬಿಡಿಸಿ ನೋಡುವುದು ವ್ಯರ್ಥವಾಗಲಾರದು.

ಇದರ ಹುಟ್ಟು ಗಣಕಯಂತ್ರದ ಪರದೆಯ ಮೇಲೆ. 2004ರಲ್ಲಿ ತೊಶಿಮಿತ್ಸು ತಕಾಗಿ ಎಂಬುವರು ರಚಿಸಿದ ‘ಕ್ರಿಮ್ಸನ್ ರೂಮ್’ ಎಂಬ ಅಂತರ್ಜಾಲ ಆಟದಲ್ಲಿ ಆಟಗಾರ ಮುಚ್ಚಿದ ಕೆಂಪು ಕೋಣೆಯೊಂದರಲ್ಲಿ ಸಿಕ್ಕಿಬಿದ್ದಿರುತ್ತಾನೆ. ಅಲ್ಲಿರುವ ವಸ್ತುಗಳನ್ನು ಒತ್ತಿ, ತಡಕಿ, ಜೋಡಿಸಿ ಹೊರಬರುವ ದಾರಿ ಕಂಡುಕೊಳ್ಳಬೇಕು. ಅದೇ ಕಾಲದಲ್ಲಿ ಕ್ಯೋಟೋ ನಗರದಲ್ಲಿ ‘ಸ್ಕ್ರ್ಯಾಪ್’ ಎಂಬ ಉಚಿತ ಪತ್ರಿಕೆಯನ್ನು ನಡೆಸುತ್ತಿದ್ದ ತಕಾವೊ ಕಾತೊ, ಪರದೆಯ ಕೋಣೆಯನ್ನು ನಿಜವಾದ ಕೋಣೆಯಾಗಿ ಮಾಡಿ ಜನರನ್ನೇ ಅದರೊಳಗೆ ಇಳಿಸಿದರು. 2007ರಲ್ಲಿ ಕ್ಯೋಟೋದಲ್ಲಿ ನಡೆದ ಆ ಪ್ರಯೋಗಕ್ಕೆ ‘ರಿಯಲ್ ಎಸ್ಕೇಪ್ ಗೇಮ್’ ಎಂದು ಹೆಸರಿಡಲಾಯಿತು. ಮುಂದೆ ಪತ್ರಿಕೆಯ ಹೆಸರೇ ಆಟ ನಡೆಸುವ ಸಂಸ್ಥೆಯ ಹೆಸರಾಯಿತು. 2012ರಲ್ಲಿ ಅದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಕಾಲಿಟ್ಟಿತು. 2017ರ ಡಿಸೆಂಬರಿನಲ್ಲಿ ಟೋಕಿಯೋದ ಶಿಂಜುಕುವಿನಲ್ಲಿ ಇಂತಹ ಆಟಗಳಿಗೆಂದೇ ಒಂದು ಕಟ್ಟಡ ಆರಂಭವಾಯಿತು. ಯುರೋಪಿನಲ್ಲಿ 2011ರಲ್ಲಿ ಬುಡಾಪೆಸ್ಟಿನಿಂದ ಹೊರಟ ಇನ್ನೊಂದು ಕವಲೂ ಇದೆ. ಬೆಂಗಳೂರಿನಂತಹ ನಗರಗಳಲ್ಲಿ ಈಗ ಕಾಣುವ ‘ಎಸ್ಕೇಪ್ ರೂಮ್’ಗಳು ಇದೇ ಬಳಗದವು. ನಾಲ್ಕಾರು ಮಂದಿ ಒಂದು ಕೋಣೆಯಲ್ಲಿ ಆಡುವ ಆಟ ಅದು. ಈ ಲೇಖನದ ವಿಷಯ ಅದಲ್ಲ. ಸಭಾಂಗಣ, ಕ್ರೀಡಾಂಗಣಗಳನ್ನು ತುಂಬುವ ದೊಡ್ಡ ರೂಪ.

ಕಥೆಯನ್ನು ತಿಳಿಯದೆ ಆಟದ ಸೊಗಸು ತಿಳಿಯದು. ಹಾಜಿಮೆ ಇಸಾಯಾಮಾ ಎಂಬ ಚಿತ್ರಕಥೆಗಾರ 2009ರಿಂದ 2021ರವರೆಗೆ ಧಾರಾವಾಹಿಯಾಗಿ ಬರೆದ ಮಾಂಗಾ ಇದು. ಪುಸ್ತಕ ರೂಪದಲ್ಲಿ 34 ಸಂಪುಟಗಳು. 2013ರ ಏಪ್ರಿಲಿನಲ್ಲಿ ಇದರ ಅನಿಮೆ ಪ್ರಸಾರ ಆರಂಭವಾದಾಗ ಜಪಾನಿನ ತರುಣ ಪೀಳಿಗೆ ಹುಚ್ಚೆದ್ದು ನೋಡಿತು. ಮನುಷ್ಯರನ್ನು ತಿನ್ನುವ ದೈತ್ಯರಿಗೆ ಅಂಜಿ ಉಳಿದ ಮನುಕುಲ ಮೂರು ಸುತ್ತಿನ ಕೋಟೆಯೊಳಗೆ ಬದುಕುತ್ತಿರುತ್ತದೆ. ಮಾರಿಯಾ, ರೋಜ್, ಸೀನಾ ಎಂಬವು ಆ ಮೂರು ಗೋಡೆಗಳ ಹೆಸರು. ನೂರು ವರ್ಷ ಅಲುಗದಿದ್ದ ಹೊರಗೋಡೆ ಒಂದು ದಿನ ಒಡೆಯುತ್ತದೆ. ಎರೆನ್, ಮಿಕಾಸಾ, ಆರ್ಮಿನ್ ಎಂಬ ಮೂವರು ಮಕ್ಕಳ ಕಥೆ ಅಲ್ಲಿಂದ ಮೊದಲಾಗುತ್ತದೆ.

ಕ್ರೀಡಾಂಗಣದ ಆಯ್ಕೆಯ ಜಾಣತನ ಇಲ್ಲಿ ಕಾಣುತ್ತದೆ. ಬೇಸ್‌ಬಾಲ್ ಅಂಗಳವೆಂದರೆ ಎತ್ತರದ ಗೋಡೆ ಸುತ್ತುವರಿದ ಒಂದು ಬಯಲು. ಒಳಗೆ ನಿಂತು ಸುತ್ತ ಕಣ್ಣು ಹಾಯಿಸಿದರೆ ಅದೇ ಕೋಟೆ. ಬೇರೆ ರಂಗಸಜ್ಜಿಕೆಯ ಅಗತ್ಯವೇ ಇಲ್ಲ. ಓದಿದ ಪುಟವೊಂದರೊಳಗೆ ತಾನೇ ನಿಂತಂತೆ ಅಭಿಮಾನಿಗೆ ಅನ್ನಿಸುವುದು ಹೀಗೆ.

ಇಂತಹ ದೊಡ್ಡ ಆಟದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಅಭಿಮಾನಿಗಳು ಗುಂಪಾಗಿ ಮುಂಚಿತವಾಗಿ ಟಿಕೇಟು ಕೊಳ್ಳುತ್ತಾರೆ. ಕೆಲವರು ಪಾತ್ರಗಳ ವೇಷದಲ್ಲಿ ಬರುತ್ತಾರೆ, ಕೆಲವರ ಚೀಲದ ತುಂಬ ಪಾತ್ರಗಳ ಬಿಲ್ಲೆಗಳು. ಸಭಾಂಗಣದ ಆಟವಾದರೆ ನಾಲ್ಕರಿಂದ ಆರು ಮಂದಿಗೆ ಒಂದು ಮೇಜು. ಒಬ್ಬಂಟಿಯಾಗಿ ಬಂದವರನ್ನು ಅಪರಿಚಿತರ ಜೊತೆ ಕೂರಿಸುತ್ತಾರೆ. ಮೇಜಿನ ಮೇಲೆ ಮುಚ್ಚಿದ ಲಕೋಟೆ ಇರುತ್ತದೆ. ಹೇಳುವ ತನಕ ತೆರೆಯುವಂತಿಲ್ಲ. ನಿರೂಪಕ ನಿಯಮಗಳನ್ನು ಹೇಳಿದ ಮೇಲೆ ದೊಡ್ಡ ಪರದೆಯಲ್ಲಿ ಚಲನಚಿತ್ರ ಮೂಡುತ್ತದೆ. ಅನಿಮೆಯ ಪಾತ್ರ ನೇರವಾಗಿ ಆಟಗಾರರನ್ನು ಉದ್ದೇಶಿಸಿ, ನಿಮ್ಮಿಂದಲೇ ಇದು ಆಗಬೇಕು ಎನ್ನುತ್ತದೆ. ಆಮೇಲೆ ಗಡಿಯಾರ ಓಡತೊಡಗುತ್ತದೆ. ಅರವತ್ತು ನಿಮಿಷ.

ಮೊದಲು ಸಣ್ಣ ಒಗಟುಗಳು. ಅವುಗಳ ಉತ್ತರಗಳನ್ನು ಒಂದು ಪಟ್ಟಿಯಲ್ಲಿ ತುಂಬಿದರೆ ಎರಡನೆಯ ಹಂತದ ಪ್ರಶ್ನೆ ಹೊರಬೀಳುತ್ತದೆ. ಕ್ರೀಡಾಂಗಣವಾದರೆ ಉತ್ತರ ಬರೆದ ಚೀಟಿ ಹಿಡಿದು ಒಂದು ದ್ವಾರದಿಂದ ಇನ್ನೊಂದು ದ್ವಾರಕ್ಕೆ ನಡೆಯಬೇಕು, ಗೋಡೆಗೆ ಅಂಟಿಸಿದ ಸೂಚನೆಗಳನ್ನು ಹುಡುಕಬೇಕು. ಎರಡನೆಯ ಹಂತವೂ ಮುಗಿದಾಗ ಆಟಗಾರರಿಗೆ ಗೆದ್ದೆವೆಂಬ ಭ್ರಮೆ ಬರುತ್ತದೆ. ಅಸಲು ಪ್ರಶ್ನೆ ಇರುವುದು ಅದರ ಆಚೆಗೆ. ಕೊನೆಯ ಒಗಟಿಗೆ ಹೊಸ ಕಾಗದ ಸಿಗುವುದು ಕಡಿಮೆ. ಆರಂಭದಲ್ಲಿ ಓದಿ ಬದಿಗಿಟ್ಟಿದ್ದ ಕಾಗದವನ್ನೇ ಬೇರೆ ಕಣ್ಣಿನಿಂದ ಮತ್ತೆ ಓದಬೇಕು. ಅಲಂಕಾರವೆಂದು ಬಿಟ್ಟಿದ್ದ ಅಂಚಿನ ಗೆರೆ, ನಿಯಮವೆಂದು ಕೇಳಿ ಮರೆತಿದ್ದ ಒಂದು ವಾಕ್ಯ, ಪಾತ್ರವೊಂದು ಸುಮ್ಮನೆ ಆಡಿದಂತಿದ್ದ ಒಂದು ಮಾತು, ಇವುಗಳಲ್ಲೇ ಬೀಗದ ಕೈ ಅಡಗಿರುತ್ತದೆ. ಬಹುತೇಕ ತಂಡಗಳು ಸೋಲುವುದು ಇಲ್ಲಿಯೇ. ಸೋಲುವವರೇ ಹೆಚ್ಚು ಎನ್ನುವುದು ಈ ಆಟದ ಪ್ರಸಿದ್ಧ ಲಕ್ಷಣ. ಆದರೂ ಜನ ಮತ್ತೆ ಬರುತ್ತಾರೆ.

ಸೋತವರು ಯಾಕೆ ಮುನಿಸಿಕೊಳ್ಳುವುದಿಲ್ಲ? ಇದು ಶಿಕ್ಷಕರು ನಿಂತು ಯೋಚಿಸಬೇಕಾದ ಸಂಗತಿ. ಗಂಟೆ ಬಾರಿಸಿದ ಬಳಿಕ ಯಾರನ್ನೂ ಮನೆಗೆ ಕಳುಹಿಸುವುದಿಲ್ಲ. ನಿರೂಪಕ ವೇದಿಕೆಗೆ ಬಂದು ಮೊದಲ ಒಗಟಿನಿಂದ ಕೊನೆಯದರವರೆಗೆ ಬಿಡಿಸಿ ತೋರಿಸುತ್ತಾನೆ. ಉತ್ತರ ಕಣ್ಣ ಮುಂದೆಯೇ ಇತ್ತು ಎಂದು ತಿಳಿದಾಗ ಸಭೆಯಿಡೀ ಒಮ್ಮೆಲೇ ಉದ್ಗಾರ ತೆಗೆಯುತ್ತದೆ. ಆ ಉದ್ಗಾರದಲ್ಲಿ ಸೋಲಿನ ಕಹಿಗಿಂತ ಅರಿವಿನ ಸಂತೋಷವೇ ಹೆಚ್ಚು. ಹೊರಗೆ ಬಂದ ಮೇಲೆ ಗೆಳೆಯರು ಚಹಾದ ಮುಂದೆ ಕೂತು, ಎಲ್ಲಿ ದಾರಿ ತಪ್ಪಿದೆವು, ಯಾರು ಸರಿಯಾದ ಮಾತು ಹೇಳಿದಾಗ ಯಾರು ಕಿವಿಗೊಡಲಿಲ್ಲ ಎಂದು ಚರ್ಚಿಸುತ್ತಾರೆ. ಇದಕ್ಕೆ ‘ಕನ್‌ಸೋಸೆನ್’ ಎಂಬ ಹೆಸರುಂಟು. ಶೋಗಿ ಎಂಬ ಜಪಾನಿ ಚದುರಂಗದಲ್ಲಿ ಆಟ ಮುಗಿದ ಮೇಲೆ ಗೆದ್ದವನೂ ಸೋತವನೂ ಎದುರುಬದುರು ಕೂತು ನಡೆಗಳನ್ನು ಮತ್ತೆ ಇಟ್ಟು ನೋಡುವ ಪದ್ಧತಿಯ ಹೆಸರು ಅದು. ಪರೀಕ್ಷೆಯ ಉತ್ತರಪತ್ರಿಕೆ ಮರಳಿಸಿದ ದಿನ ಅಂಕ ಎಣಿಸಿ ಮಡಚಿಡುವ ತರಗತಿಗಳಲ್ಲಿ ಇಲ್ಲದಿರುವುದು ಈ ಒಂದು ಹಂತ.

ಇನ್ನು ಅಭಿಮಾನದ ಪ್ರಶ್ನೆ. ಕಥೆಯ 34 ಸಂಪುಟಗಳನ್ನು ಬಾಯಿಪಾಠ ಮಾಡಿದವನಿಗೆ ಆಟ ಸುಲಭವಾಗಬೇಕಲ್ಲವೆ? ಆಟ ಕಟ್ಟುವವರು ಹಾಗಾಗದಂತೆ ಎಚ್ಚರ ವಹಿಸುತ್ತಾರೆ. ಮೂಲ ಕೃತಿಯನ್ನು ಓದದವರೂ ಬಿಡಿಸಬಲ್ಲಂತೆ ಒಗಟಿಗೆ ಬೇಕಾದ ಮಾಹಿತಿಯೆಲ್ಲ ಲಕೋಟೆಯೊಳಗೇ ಇರುತ್ತದೆ. ಹಾಗಾದರೆ ಅಭಿಮಾನಿಗೆ ಸಿಗುವ ಲಾಭವೇನು? ಪಾತ್ರದ ಸ್ವಭಾವ ಗೊತ್ತಿರುವುದರಿಂದ ಅದರ ಮಾತಿನ ಧಾಟಿ ಒಂದಿಷ್ಟು ಬದಲಾದರೂ ಅವನ ಕಿವಿ ನಿಮಿರುತ್ತದೆ. ಒಗಟು ಬಿಡಿಸುವುದರಲ್ಲಿ ಪಳಗಿದ ಗೆಳೆಯನಿಗೆ ಅದು ಹೊಳೆಯದೆ ಹೋಗಬಹುದು. ಒಬ್ಬನಿಗೆ ಕಥೆ ಗೊತ್ತು, ಒಬ್ಬಳಿಗೆ ಲೆಕ್ಕ ಬರುತ್ತದೆ, ಇನ್ನೊಬ್ಬರಿಗೆ ತಾಳ್ಮೆ ಇದೆ. ಆರು ಮಂದಿಯ ಮೇಜು ನಡೆಯುವುದು ಇದರಿಂದ. ಮೇಜು ಕೆಡುವ ಬಗೆಯೂ ಸ್ಪಷ್ಟ. ಚುರುಕಾದ ಒಬ್ಬ ಎಲ್ಲ ಕಾಗದಗಳನ್ನೂ ತನ್ನ ಮುಂದೆ ಎಳೆದುಕೊಂಡರೆ ಉಳಿದ ಐವರು ಹಣ ಕೊಟ್ಟು ಬಂದ ಪ್ರೇಕ್ಷಕರಾಗುತ್ತಾರೆ. ಗುಂಪು ಚಟುವಟಿಕೆ ಎಂದು ದಿನಚರಿಯಲ್ಲಿ ಬರೆದು, ಮುಂದಿನ ಬೆಂಚಿನ ಒಬ್ಬಳಿಂದ ಕೆಲಸ ಮುಗಿಸುವ ತರಗತಿಯ ಚಿತ್ರವೂ ಬೇರೆಯಲ್ಲ.

ಭಾಷಾ ಶಿಕ್ಷಕರಿಗೆ ಅತ್ಯಂತ ರುಚಿಸುವ ಭಾಗ ಒಗಟುಗಳ ಅಕ್ಷರರಚನೆ. ಒಗಟು ಬಿಡಿಸುವುದಕ್ಕೆ ಜಪಾನಿಯಲ್ಲಿ ‘ನಜೊತೊಕಿ’ ಎನ್ನುತ್ತಾರೆ. ಅದರ ಒಂದು ಹಳೆಯ ಮಾದರಿಯನ್ನು ಅಲ್ಲಿನ ಚಿಕ್ಕ ಮಕ್ಕಳೂ ಬಲ್ಲರು. ಅರ್ಥವಾಗದ ಒಂದು ಅಕ್ಷರಸಾಲು, ಅದರ ಬದಿಯಲ್ಲಿ ‘ತನುಕಿ’ ಎಂಬ ಪ್ರಾಣಿಯ ಚಿತ್ರ. ತನುಕಿ ಎಂದರೆ ನಾಯಿಯ ಜಾತಿಗೆ ಸೇರಿದ ಒಂದು ಕಾಡುಪ್ರಾಣಿ. ಆದರೆ ಆ ಹೆಸರನ್ನು ‘ತ’ ಮತ್ತು ‘ನುಕಿ’ ಎಂದು ಒಡೆದರೆ, ‘ತ’ವನ್ನು ತೆಗೆದುಹಾಕು ಎಂಬ ಅರ್ಥ ಬರುತ್ತದೆ. ಸಾಲಿನೊಳಗಿನ ‘ತ’ಗಳನ್ನೆಲ್ಲ ಅಳಿಸಿದರೆ ಉತ್ತರ ಉಳಿಯುತ್ತದೆ.

ಇದನ್ನು ಇಂಗ್ಲಿಷಿಗೆ ಅನುವಾದಿಸಲಾಗದು. ಪ್ರಾಣಿಯ ಹೆಸರು ಬದಲಾದೊಡನೆ ಒಗಟು ಸತ್ತುಹೋಗುತ್ತದೆ. ಕೋಟೆನಗರದ ಆಟವನ್ನು ಮುಂದೆ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿಯೂ ಆಡಿಸಿದರು. ಇಂತಹ ಕೆಲಸದಲ್ಲಿ ಕಥೆಯನ್ನು ಭಾಷಾಂತರ ಮಾಡಬಹುದು, ಒಗಟನ್ನಾದರೋ ಆ ಭಾಷೆಯೊಳಗಿಂದ ಹೊಸತಾಗಿಯೇ ಹುಟ್ಟಿಸಬೇಕು. ಕನ್ನಡದ ಸ್ಥಿತಿ ಇಂಗ್ಲಿಷಿಗಿಂತ ಮೇಲು. ಜಪಾನಿನ ಹಿರಗಾನ ಲಿಪಿಯಂತೆ ಕನ್ನಡದಲ್ಲಿಯೂ ಒಂದು ಅಕ್ಷರ ಸಾಮಾನ್ಯವಾಗಿ ಸ್ವರ ಸೇರಿದ ಒಂದು ಉಚ್ಚಾರಣೆ. ಹಾಗಾಗಿ ಅಕ್ಷರ ತೆಗೆಯುವ, ಸೇರಿಸುವ, ತಿರುಗಿಸುವ ಆಟಗಳು ಕನ್ನಡಕ್ಕೆ ಸಲೀಸಾಗಿ ಒಗ್ಗುತ್ತವೆ. ಉದಾಹರಣೆಗೆ ‘ಕಬಾಕಗಿಲ ಹಿಂಕದೆ’ ಎಂದು ಬರೆದು ಬದಿಯಲ್ಲಿ ಒಂದು ಕತ್ತರಿಯ ಚಿತ್ರ ಹಾಕಿದರೆ ಸಾಕು. ‘ತರಿ’ ಎಂದರೆ ಕಡಿದುಹಾಕು. ಒತ್ತಕ್ಷರದ ವಿಷಯದಲ್ಲಿ ಸ್ವಲ್ಪ ಸಡಿಲ ಕೊಟ್ಟರೆ ಕತ್ತರಿಯೆಂದರೆ ‘ಕ ತರಿ’. ‘ಕ’ಗಳನ್ನು ತರಿದ ಮೇಲೆ ‘ಬಾಗಿಲ ಹಿಂದೆ’ ಎಂಬ ಉತ್ತರ ಉಳಿಯುತ್ತದೆ, ಮಕ್ಕಳು ಬಾಗಿಲ ಹಿಂದೆ ಓಡುತ್ತಾರೆ. ‘ತರಿ’ ಎಂಬ ಹಳೆಯ ಕ್ರಿಯಾಪದವನ್ನು ಪದಕೋಶದ ಪಾಠದಲ್ಲಿ ಹತ್ತು ಸಲ ಬರೆಸಿದರೂ ಅಂಟದ್ದು ಇಲ್ಲಿ ಒಂದೇ ಸಲಕ್ಕೆ ಅಂಟಬಹುದು.

ಮೂರಕ್ಷರದ ಪದಗಳ ಆಟ ಕನ್ನಡ ಮಕ್ಕಳಿಗೆ ಹೊಸತಲ್ಲ. ‘ನಗರ’ದ ನಡುವಿನ ಅಕ್ಷರ ಬಿಟ್ಟರೆ ‘ನರ’, ಕೊನೆಯದನ್ನು ಬಿಟ್ಟರೆ ‘ನಗ’, ಮೊದಲಿನದನ್ನು ಬಿಟ್ಟರೆ ‘ಗರ’. ಈ ನಾಲ್ಕು ಪದಗಳಲ್ಲಿ ಕೊನೆಯದರ ಅರ್ಥ ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಯಾರದೋ ಮನೆಯ ಅಜ್ಜಿ ‘ಗರ ಬಡಿದವನ ಹಾಗೆ ಕೂತಿದ್ದೀಯಲ್ಲ’ ಎಂದು ಬೈದದ್ದು ನೆನಪಾದಾಗ ಮೌನ ಒಡೆಯುತ್ತದೆ. ಕಾಗುಣಿತ, ಒತ್ತಕ್ಷರಗಳು ಬಂದಾಗ ಜಗಳವೇ ಆಗುತ್ತದೆ. ‘ತ’ ತೆಗೆಯಿರಿ ಎಂದರೆ ‘ತಾ’ ಕೂಡ ಹೋಗಬೇಕೆ? ‘ಹತ್ತು’ ಎಂಬಲ್ಲಿ ಎರಡು ತಕಾರಗಳಿವೆಯೆ, ಒಂದೇ ಇದೆಯೆ? ಅಕ್ಷರವೆಂದರೇನು, ವರ್ಣವೆಂದರೇನು ಎಂಬ ವ್ಯಾಕರಣದ ಮೂಲಪ್ರಶ್ನೆಯನ್ನು ಮಕ್ಕಳೇ ಎತ್ತಿಕೊಂಡು ಶಿಕ್ಷಕರ ಮೇಜಿಗೆ ಬರುವಂತಾದರೆ ಅದಕ್ಕಿಂತ ಒಳ್ಳೆಯ ಪಾಠಯೋಜನೆ ಇನ್ನಾವುದು? ಒಗಟಿಗೂ ಒಡಪಿಗೂ ಮೊದಲೇ ಒಗ್ಗಿದ ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಲ್ಲಿ ಇದಕ್ಕೆ ಬೇಕಾದ ಬಂಡವಾಳ ಧಾರಾಳವಾಗಿಯೇ ಇದೆ. ಅಜ್ಜಿಯರಿಂದ ಒಗಟು ಕೇಳಿ ಬರೆದು ತರುವ ಮನೆಗೆಲಸದಿಂದಲೇ ಆಟದ ಸಾಮಗ್ರಿ ಆರಂಭವಾಗಬಹುದು.

ಗಡಿಯ ಶಾಲೆಗಳಿಗೆ ಮುಖ್ಯವಾದ ಇನ್ನೊಂದು ಅಂಶವಿದೆ. ಕಾಸರಗೋಡಿನ ಮಗು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡಬಹುದು. ತಾಳವಾಡಿಯ ಮಗುವಿಗೆ ಸಂತೆಯ ಭಾಷೆ ತಮಿಳು. ಡೋರೇಮಾನ್, ಶಿನ್‌ಚಾನ್‌ಗಳನ್ನು ಬಹುತೇಕ ಮಕ್ಕಳು ನೋಡುವುದು ಹಿಂದಿಯಲ್ಲೋ ತಮಿಳು, ತೆಲುಗಿನಲ್ಲೋ. ಅವರ ಆಟದ, ಅಭಿಮಾನದ ಲೋಕದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದಂತಾಗಿ, ಅದು ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುವ ಅಪಾಯ ನಿಜವಾದುದು. ಹತ್ತನೆಯ ವಯಸ್ಸಿನಲ್ಲಿ ಸಂತೋಷದ ಜೊತೆ ಸೇರದ ಭಾಷೆಯನ್ನು ಹದಿನೈದನೆಯ ವಯಸ್ಸಿನಲ್ಲಿ ಮಗು ಯಾಕೆ ಆರಿಸಿಕೊಳ್ಳಬೇಕು? ಆಟದ ಲಕೋಟೆಯೊಳಗಿನ ಭಾಷೆ ಕನ್ನಡವಾದಾಗ ಗೆಲುವಿನ ದಾರಿ ಕನ್ನಡದ ಮೂಲಕವೇ ಹಾಯುತ್ತದೆ. ಗುಂಪಿನೊಳಗಿನ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ. ಅದನ್ನು ತಡೆಯುವುದು ಅವಿವೇಕ. ಜಪಾನಿನ ಆಟಗಾರನೂ ಗಾಬರಿಯಲ್ಲಿ ತನ್ನ ಊರಿನ ನುಡಿಗಟ್ಟಿಗೇ ಜಾರುತ್ತಾನೆ. ಕಾಗದ ಕನ್ನಡದಲ್ಲಿರಲಿ, ಉತ್ತರ ಕನ್ನಡದಲ್ಲಿ ಬರಲಿ. ನಡುವಿನ ದಾರಿ ಮಕ್ಕಳದು.

ತರಗತಿಯಲ್ಲಿ ಆಡಿಸುವಾಗ ಅನಿಮೆಯ ಕಥೆಯೇ ಆಗಬೇಕೆಂದಿಲ್ಲ. ದೈತ್ಯರು ಮನುಷ್ಯರನ್ನು ತಿನ್ನುವ ಕಥೆ ಚಿಕ್ಕ ಮಕ್ಕಳಿಗೆ ತಕ್ಕುದೂ ಅಲ್ಲ. ಪಠ್ಯಪುಸ್ತಕದ ಯಾವುದೇ ಕಥಾಪಾಠ ಸಾಕು. ಐವರ ಗುಂಪಿಗೆ ಐದು ಬೇರೆ ಬೇರೆ ಚೀಟಿಗಳನ್ನು ಕೊಟ್ಟು, ತನ್ನ ಚೀಟಿಯನ್ನು ಇನ್ನೊಬ್ಬರ ಕೈಗೆ ಕೊಡಬಾರದು, ಓದಿ ಹೇಳಬಹುದು ಎಂಬ ಒಂದು ನಿಯಮ ಮಾಡಿದರೆ, ಕಾಗದಗಳನ್ನೆಲ್ಲ ಎಳೆದುಕೊಳ್ಳುವ ಚುರುಕಿನವನ ಸಮಸ್ಯೆ ತಾನಾಗಿ ಕರಗುತ್ತದೆ. ತಡವರಿಸಿ ಓದುವ ಮಗುವಿನ ಮಾತಿಗೂ ನಾಲ್ವರು ಕಾಯಲೇಬೇಕಾಗುತ್ತದೆ. ಆ ಮಗುವಿಗೆ ಆಟದ ಮೊದಲೇ ಅದರ ಚೀಟಿಯನ್ನು ಒಮ್ಮೆ ಏಕಾಂತದಲ್ಲಿ ಓದಿಸಿಟ್ಟರೆ ಅವಮಾನದ ಭಯ ಇರುವುದಿಲ್ಲ. ಕೊನೆಯ ಒಗಟನ್ನು ಮಾತ್ರ ಜಪಾನಿನವರಂತೆ ಕಟ್ಟಬೇಕು: ಉತ್ತರ ಪಾಠದ ಮೊದಲ ಪುಟದಲ್ಲೇ, ಎಲ್ಲರೂ ಓದಿ ದಾಟಿಹೋದ ಸಾಲಿನಲ್ಲಿ ಇರಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಇಪ್ಪತ್ತೈದು ನಿಮಿಷ ಆಟಕ್ಕೆ, ಉಳಿದದ್ದು ಬಿಡಿಸಿ ತೋರಿಸುವುದಕ್ಕೆ ಮತ್ತು ಎಲ್ಲಿ ತಪ್ಪಿತೆಂದು ಮಕ್ಕಳೇ ಮಾತಾಡುವುದಕ್ಕೆ. ಈ ಎರಡನೆಯ ಭಾಗವನ್ನು ಕತ್ತರಿಸಿದರೆ ಆಟ ಬರೀ ಓಟದ ಸ್ಪರ್ಧೆಯಾಗುತ್ತದೆ, ಸೋತ ಗುಂಪು ಸೋತೇ ಮನೆಗೆ ಹೋಗುತ್ತದೆ.

ಅಭಿಮಾನಿಗಳ ನಡುವೆ ಕಟ್ಟುನಿಟ್ಟಾಗಿ ಪಾಲಿಸುವ ಒಂದು ರೂಢಿಯೂ ಅನುಕರಣೀಯ. ಒಂದೇ ಆಟ ಊರಿಂದೂರಿಗೆ ಹೋಗುವುದರಿಂದ ಆಡಿ ಮುಗಿಸಿದವರು ಉತ್ತರವನ್ನು ಹೊರಗೆ ಬಿಟ್ಟುಕೊಡುವಂತಿಲ್ಲ. ‘ಬ’ ವಿಭಾಗ ಆಡುವ ತನಕ ‘ಅ’ ವಿಭಾಗದವರು ಗುಟ್ಟು ಕಾಯುವುದು ಮಕ್ಕಳಿಗೆ ಒಗಟಿಗಿಂತ ಕಷ್ಟ. ಆದರೂ ಕಾಯುತ್ತಾರೆ.

ಒಂದು ಎಚ್ಚರಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬಾರದು. ಪಾರಾಗುವ ಆಟವೆಂದ ಮಾತ್ರಕ್ಕೆ ಬಾಗಿಲಿಗೆ ಬೀಗ ಹಾಕುವಂತಿಲ್ಲ. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ನಗರದ ಇಂತಹ ಒಂದು ಕೋಣೆಯಲ್ಲಿ ಬೆಂಕಿ ಹತ್ತಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆಂದು ಬಂದಿದ್ದ ಹದಿನೈದು ವರ್ಷದ ಐವರು ಹುಡುಗಿಯರು ಹೊರಬರಲಾಗದೆ ಸತ್ತರು. ಅನಂತರ ಆ ದೇಶದಲ್ಲಿ ಇಂತಹ ಕೋಣೆಗಳ ತಪಾಸಣೆ ನಡೆದು ಅನೇಕವನ್ನು ಮುಚ್ಚಿಸಲಾಯಿತು. ಕ್ರೀಡಾಂಗಣದ ಆಟದಲ್ಲಿ ಯಾವ ದ್ವಾರವೂ ನಿಜವಾಗಿ ಮುಚ್ಚಿರುವುದಿಲ್ಲ. ಗೋಡೆ ಇರುವುದು ಕಥೆಯಲ್ಲಿ. ತರಗತಿಯಲ್ಲಿಯೂ ಬೀಗ ಕಾಗದದ ಮೇಲಿರಲಿ, ಕೋಣೆಯ ಬಾಗಿಲು ಹಾರು ಹೊಡೆದಿರಲಿ. ಆಡಲು ಮನಸ್ಸಿಲ್ಲದ ಮಗು ಎದ್ದು ಅಂಗಳಕ್ಕೆ ಹೋಗುವಂತಿರಲಿ. ಹಾಗೆ ಹೋದ ಮಗುವನ್ನು ಕರೆದು ಗಡಿಯಾರ ನೋಡುವ ಕೆಲಸ ಕೊಟ್ಟರೆ, ಹತ್ತು ನಿಮಿಷದೊಳಗೆ ಅದು ಯಾವುದೋ ಗುಂಪಿನ ಬೆನ್ನ ಹಿಂದೆ ನಿಂತು ಚೀಟಿಯನ್ನು ಇಣುಕಿ ಓದುತ್ತಿರುತ್ತದೆ.